ಚಳಿಜ್ವರವೂ ಮಾನವಕುಲದ ರಕ್ತವೂ

ಮಾನವನ ದೇಹಧರ್ಮವು ಮಾರ್ಪಡಬೇಕಾದರೆ ಲಕ್ಷಾಂತರ ವರ್ಷಗಳು ಬೇಕೆಂಬ ಭಾವನೆಯು ಬಹುಕಾಲದಿಂದ ರೂಢಿಯಲ್ಲಿರುವುದಷ್ಟೆ. ರಾಜ್ಯಗಳು ಏಳುವುವು, ಬೀಳುವುವು. ಮನುಷ್ಯನ ರಕ್ತಮಾಂಸಗಳು ಮಾತ್ರ ಇದ್ದಂತೆಯೇ ಇರುವುವೆಂದು ಇತಿಹಾಸವನ್ನೋದುವವರು ಸಾಮಾನ್ಯವಾಗಿ ಎಣಿಸುವರು. ಆದರೆ ಕೆಲವೇ ಸಹಸ್ರ ವರ್ಷಗಳಲ್ಲಿ ಕೋಟ್ಯಂತರ ಜನರ ರಕ್ತದ ಮೇಲೆ ತನ್ನ ಮುದ್ರೆಯನ್ನೊತ್ತಿದ ಶಕ್ತಿಯೊಂದುಂಟು. ಅದು ಚಳಿಜ್ವರ, ಎಂದರೆ ಮಲೇರಿಯಾ.

1910ರಲ್ಲಿ ಷಿಕಾಗೋ ನಗರದ ವೈದ್ಯ ಜೇಮ್ಸ್ ಹೆರಿಕ್ ಎಂಬವರು, ಗ್ರೆನಡಾ ದ್ವೀಪದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿಯ ರಕ್ತದಲ್ಲಿ ಕೆಂಪು ಕಣಗಳು ದುಂಡಗಿರದೆ ಕುಡುಗೋಲಿನಂತೆ ಬಾಗಿರುವುದನ್ನು ಪ್ರಕಟಪಡಿಸಿದರು. ಈ ದೋಷವು ತಂದೆತಾಯಿಗಳಿಬ್ಬರಿಂದಲೂ ಬಂದರೆ ಮಗುವು ತೀವ್ರವಾದ ನೋವಿನಿಂದಲೂ ರಕ್ತಹೀನತೆಯಿಂದಲೂ ಬಳಲುವುದು. ಒಬ್ಬರಿಂದ ಮಾತ್ರ ಬಂದರೆ ಪ್ರಾಯಶಃ ಆರೋಗ್ಯವಾಗಿಯೇ ಬಾಳುವುದು. ಚಿಕಿತ್ಸೆಯಿಲ್ಲದ ಕಾಲದಲ್ಲಿ ರೋಗಪೀಡಿತರಾದ ಮಕ್ಕಳು ಬಹುಮಟ್ಟಿಗೆ ಎಳವೆಯಲ್ಲಿಯೇ ತೀರಿಕೊಳ್ಳುತ್ತಿದ್ದರು. ಹೀಗಿರಲು ಈ ದೋಷವು ತಾನಾಗಿಯೇ ಅಳಿಯಬೇಕಾಗಿತ್ತು. ಆದರೂ ಪೂರ್ವ ಆಫ್ರಿಕದ ಕೆಲವು ಜನಾಂಗಗಳಲ್ಲಿ ನೂರಕ್ಕೆ ಸುಮಾರು 40 ಮಂದಿ ಇದನ್ನು ಹೊತ್ತಿದ್ದರು. ಇದಕ್ಕೆ ಕಾರಣವೇನು?

ಮುಂದೆ 1957ರಲ್ಲಿ ಭಾರತಕ್ಕೆ ಬಂದು ನೆಲೆಸಿ, 1964ರಲ್ಲಿ ಭುವನೇಶ್ವರದಲ್ಲಿ ದೇಹಬಿಟ್ಟ ಜೆ. ಬಿ. ಎಸ್. ಹಾಲ್ಡೇನರು ಇದಕ್ಕೆ ದಾರಿ ತೋರಿದರು. ಮೆಡಿಟರೇನಿಯನ್ ತೀರದ ಮತ್ತೊಂದು ಆನುವಂಶಿಕ ರಕ್ತರೋಗವನ್ನು ಕುರಿತು, ಅದರ ದೋಷವನ್ನು ಒಂದು ಪಾಲು ಮಾತ್ರ ಪಡೆದವರಿಗೆ ಮಲೇರಿಯಾದಿಂದ ರಕ್ಷಣೆಯಿರಬಹುದೆಂದು 1949ರಲ್ಲಿ ಪ್ರಕಟವಾದ ಲೇಖನದಲ್ಲಿ ಅವರು ಊಹಿಸಿದ್ದರು. 1954ರಲ್ಲಿ ಆಂಟನಿ ಆಲಿಸನ್ ಎಂಬ ವೈದ್ಯರು ಕುಡುಗೋಲುಕಣದ ವಿಷಯದಲ್ಲಿ ಇದಕ್ಕೆ ಪ್ರಮಾಣವನ್ನು ಒದಗಿಸಿದರು. ಜ್ವರಪೀಡಿತವಾದ ಕಡಲತೀರದಲ್ಲಿಯೂ ವಿಕ್ಟೋರಿಯಾ ಸರೋವರದ ಸುತ್ತಲೂ ಈ ಗುಣವು ಹೆಚ್ಚಾಗಿತ್ತು. ಸೊಳ್ಳೆ ವಿರಳವಾದ ಎತ್ತರದ ನಾಡಿನಲ್ಲಿ ಕಡಿಮೆಯಾಗಿತ್ತು. ಜ್ವರವು ನಿರ್ದೋಷವಾದ ರಕ್ತವುಳ್ಳ ಮಕ್ಕಳನ್ನು ಹೆಚ್ಚಾಗಿ ಕೊಂಡೊಯ್ಯುತ್ತಿರಲು, ಒಂದು ಪಾಲು ದೋಷವುಳ್ಳವರು ಉಳಿದು ಮಕ್ಕಳನ್ನು ಪಡೆದರು.

ಆದರೆ ಜ್ವರಕ್ಕೆ ಅಷ್ಟು ಬಲವನ್ನು ಕೊಟ್ಟವರಾರು? ಫ್ರಾಂಕ್ ಲಿವಿಂಗ್‌ಸ್ಟನ್ ಎಂಬ ಮಾನವಶಾಸ್ತ್ರಜ್ಞರು 1958ರಲ್ಲಿ ಕೊಟ್ಟ ಉತ್ತರವು ಚಿಂತನಾರ್ಹವಾದುದು. ಪಶ್ಚಿಮ ಆಫ್ರಿಕದ ದಟ್ಟಡವಿಯ ನೆರಳಿನಲ್ಲಿ ಜ್ವರದ ಸೊಳ್ಳೆಗೆ ಅನುಕೂಲವಿರಲಿಲ್ಲ. ಮನುಷ್ಯನು ಕಾಡನ್ನು ಕಡಿದು ಬೇಸಾಯಕ್ಕೆ ತೊಡಗಿದನು. ಬಿಸಿಲು ಬಿದ್ದ ನೀರುಗುಂಡಿಗಳಲ್ಲಿ ಸೊಳ್ಳೆಯು ಹೆಚ್ಚಿತು. ಒಂದೆಡೆ ನೆಲೆನಿಂತ ಜನಸಂದಣಿಯಲ್ಲಿ ರೋಗವೂ ನೆಲೆನಿಂತಿತು. ಅನ್ನವನ್ನು ಕೊಟ್ಟ ಬೇಸಾಯವೇ ರಕ್ತವನ್ನೂ ತಿದ್ದಿತೆಂದು ಹೇಳಬಹುದು.

ಈ ಕಥೆಯು ಆಫ್ರಿಕಕ್ಕೆ ಮಾತ್ರ ಸೇರಿದುದಲ್ಲ. 1952ರಲ್ಲಿ ನೀಲಗಿರಿಯ ಗಿರಿಜನರಲ್ಲಿಯೂ ಕುಡುಗೋಲುಕಣವು ಕಂಡುಬಂದಿತು. ಜ್ವರವು ಹಿಮ್ಮೆಟ್ಟಿದ ನಾಡುಗಳಲ್ಲಿ ಕವಚದ ಪ್ರಯೋಜನವು ಹೋಗಿ, ಅದರ ಭಾರ ಮಾತ್ರ ಉಳಿಯುತ್ತದೆ: ದಂಪತಿಗಳಿಬ್ಬರೂ ಈ ಗುಣವನ್ನು ಹೊತ್ತಿದ್ದರೆ, ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗವು ಬರುವ ಸಂಭವ ನಾಲ್ಕರಲ್ಲಿ ಒಂದು ಪಾಲು. 2023ರಲ್ಲಿ ಭಾರತ ಸರ್ಕಾರವು ಈ ರೋಗದ ನಿವಾರಣೆಗಾಗಿ ರಾಷ್ಟ್ರೀಯ ಕಾರ್ಯಕ್ರಮವೊಂದನ್ನು ಆರಂಭಿಸಿ ರಕ್ತಪರೀಕ್ಷೆಗೆ ಏರ್ಪಾಡು ಮಾಡಿತು. ಪೂರ್ವಿಕರ ಪ್ರಾಣವನ್ನುಳಿಸಿದ ಗುಣವನ್ನು ಕಳಂಕವೆಂದು ಹಳಿಯುವುದು ನ್ಯಾಯವಲ್ಲ. ಅದನ್ನು ಅರಿತು, ಮುಂದಿನ ಮಕ್ಕಳನ್ನು ಕಾಪಾಡುವುದೇ ವಿವೇಕವು.