ಸುಗಿಯಾಮಾ, ಯುಕಿಮಾರು

ಮಾನವಸಮಾಜದ ಮೂಲವನ್ನು ವಾನರವರ್ಗದ ನಡವಳಿಕೆಯಲ್ಲಿ ಅರಸಿದ ಜಪಾನೀ ವಿಜ್ಞಾನಿ. ಹಿಂಡಿನ ಒಂದೊಂದು ಪ್ರಾಣಿಯನ್ನೂ ಬೇರೆಬೇರೆಯಾಗಿ ಗುರುತಿಸಿ ದೀರ್ಘಕಾಲ ಅವಲೋಕಿಸುವ, ಕ್ಯೋಟೊದಲ್ಲಿ ಕಿಂಜಿ ಇಮಾನಿಶಿಯವರು ನೆಲೆಗೊಳಿಸಿದ ಪದ್ಧತಿಯಲ್ಲಿ ಪಳಗಿದ ಇವರು 1961ರಲ್ಲಿ ಭಾರತ-ಜಪಾನ್ ಸಂಯುಕ್ತ ಸಂಶೋಧನೆಯ ನಿಮಿತ್ತ ಧಾರವಾಡದ ಕಾಡಿಗೆ ಬಂದು, ಕೆಂಜಿ ಯೋಶಿಬಾ, ಎಂ. ಡಿ. ಪಾರ್ಥಸಾರಥಿ ಮೊದಲಾದವರೊಡನೆ ಮುಸುವಗಳ ಅಧ್ಯಯನಕ್ಕೆ ತೊಡಗಿದರು. ಮುಸುವವು ಬಾಲವುಳ್ಳ ಕೋತಿಯೇ ಹೊರತು ಚಿಂಪಾಂಜಿಯಂತೆ ಮಾನವನ ಸಮೀಪಬಂಧುವಲ್ಲ. ಆದರೂ ವಾನರಶಾಸ್ತ್ರದ ಒಂದು ಮಹತ್ತ್ವದ ಪ್ರಶ್ನೆ ಎದ್ದುದು ಅದರ ಹಿಂಡಿನಿಂದಲೇ.

ಉತ್ತರ ಭಾರತದಲ್ಲಿ ಸಂಶೋಧಕಿ ಫಿಲಿಸ್ ಜೇ ಕಂಡಿದ್ದ ಮುಸುವಗಳು ಶಾಂತಸ್ವಭಾವದವು. ಧಾರವಾಡದಲ್ಲಾದರೋ, ಒಂದೇ ಪ್ರೌಢ ಗಂಡಿನ ಆಶ್ರಯದಲ್ಲಿದ್ದ ಹಿಂಡೊಂದರ ಮೇಲೆ 1962ರಲ್ಲಿ ಹೊರಗಿನ ಗಂಡುಗಳ ತಂಡವು ಎರಗಿ, ಹಳೆಯ ಯಜಮಾನನನ್ನು ಓಡಿಸಿ, ಗೆದ್ದವುಗಳಲ್ಲಿ ಒಂದು ಮಾತ್ರ ಹಿಂಡಿನಲ್ಲಿ ನಿಂತು, ತಾಯಂದಿರು ಅವುಚಿಕೊಂಡಿದ್ದ ಎಳೆಯ ಮರಿಗಳನ್ನು ಕೋರೆಹಲ್ಲಿನಿಂದ ಕಚ್ಚಿ ಕೊಂದಿತು. ಮರಿಯನ್ನು ಕಳೆದುಕೊಂಡ ತಾಯಿ ಬಹುಬೇಗ ಬೆದೆಗೆ ಬಂದು ಅದೇ ಗಂಡಿನೊಡನೆ ಕೂಡಿದುದನ್ನೂ ಸುಗಿಯಾಮಾ ದಾಖಲಿಸಿದರು. ಮತ್ತೊಂದು ಹಿಂಡಿನ ಗಂಡನ್ನು ತಾವೇ ಹಿಡಿದು ತೆಗೆದಾಗಲೂ ಹೊಸದಾಗಿ ಬಂದ ಗಂಡು ಮರಿಗಳ ಮೇಲೆಯೇ ಬಿದ್ದಿತು. 1965ರಲ್ಲಿ ಪ್ರಕಟವಾದ ಈ ವರದಿಯ ಮರಿಹತ್ಯೆಯನ್ನು ಹಲವರು ಪ್ರಾಣಿಗಳ ಅತಿಸಂದಣಿಯಿಂದ ಹುಟ್ಟಿದ ವಿಕಾರವೆಂದೇ ಬಗೆದರು. ಮುಂದೆ ಅಬು ಪರ್ವತದ ಮುಸುವಗಳನ್ನು ಅಧ್ಯಯನ ಮಾಡಿದ ಸಾರಾ ಹರ್ಡಿ, ಪರರ ಸಂತಾನವನ್ನು ನೀಗಿಸಿ ತನ್ನ ಸಂತಾನವನ್ನು ಬೇಗ ಪಡೆಯುವ ಈ ಹಂಚಿಕೆ ವಿಕಾಸದ ಆಯ್ಕೆಯಿಂದಲೇ ಬಂದುದೆಂದು ವಾದಿಸಿದರು; ಸಿಂಹ, ಗೊರಿಲ್ಲಗಳಲ್ಲಿಯೂ ಇಂತಹುದೇ ಕಂಡುಬಂದ ಮೇಲೆ ಆ ವಾದಕ್ಕೆ ಬಲ ಬಂದಿತು. ಅಪ್ರಿಯವಾದುದನ್ನು ಕಂಡಂತೆಯೇ ಬರೆದಿಟ್ಟ ಧಾರವಾಡದ ಆ ಧೈರ್ಯವೇ ಸುಗಿಯಾಮಾರ ಶ್ರೇಷ್ಠ ಕೊಡುಗೆಯೆನ್ನಬೇಕು.

1976ರಿಂದ ಇವರ ಕಾರ್ಯಕ್ಷೇತ್ರ ಆಫ್ರಿಕದ ಗಿನಿ ದೇಶದ ಬೊಸ್ಸೂ ಗ್ರಾಮವಾಯಿತು. ಅಲ್ಲಿಯ ಚಿಂಪಾಂಜಿ ಎಣ್ಣೆತಾಳೆಯ ಬೀಜವನ್ನು ಅಡಿಗಲ್ಲಿನ ಮೇಲಿಟ್ಟು, ಇನ್ನೊಂದು ಕಲ್ಲಿನಿಂದ ಕುಟ್ಟಿ ತಿರುಳನ್ನು ತಿನ್ನುತ್ತದೆ. ಮರಿಯು ತಾಯಿಯ ಪಕ್ಕದಲ್ಲಿ ಕುಳಿತು ನೋಡಿನೋಡಿ ಈ ಕೌಶಲವನ್ನು ಕಲಿಯಲು ವರ್ಷಗಳೇ ಹಿಡಿಯುತ್ತವೆ.

ಕಲ್ಲನ್ನು ಬಳಸುವ ಇಂತಹ ವಿದ್ಯೆ ಮಾನವನ ಪೂರ್ವಜರಲ್ಲಿ ಹೇಗೆ ಸಾಗಿತೆಂಬುದನ್ನು ಪ್ರಾಚೀನ ಕಲ್ಲುಗಳಷ್ಟೇ ಹೇಳಲಾರವು. ಸುರಪುರ ಸೀಮೆಯ ಹುಣಸಗಿ ಕಣಿವೆಯಲ್ಲಿ, ಇಸಾಂಪುರದ ಸುಣ್ಣಕಲ್ಲಿನ ನೆಲೆಯನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆಸಿದಾಗ ದೊರೆತ, ಸುಮಾರು 12 ಲಕ್ಷ ವರ್ಷಗಳಷ್ಟು ಹಿಂದಿನವೆಂದು ಗಣಿಸಲಾದ ಕೈಗೊಡಲಿಗಳು ಕುಟ್ಟಿದ ಏಟಿನ ಗುರುತನ್ನು ಉಳಿಸಿಕೊಂಡಿವೆಯಾದರೂ ಕುಟ್ಟಿದವರ ಕುಟುಂಬವನ್ನು ತೋರಿಸಲಾರವು. ಬೊಸ್ಸೂವಿನ ತಾಯಿ-ಮರಿಗಳ ಅಧ್ಯಯನವು ಪುರಾತತ್ತ್ವಜ್ಞರಿಗೆ ಪ್ರಯೋಜನಕಾರಿಯಾಗುವುದು ಇಲ್ಲಿಯೇ: ಕಲ್ಲಿನಿಂದ ಕುಟ್ಟುವ ವಿದ್ಯೆ ಯಾರಿಂದ ಯಾರಿಗೆ, ಎಷ್ಟು ಕಾಲದಲ್ಲಿ ಸಾಗಬಲ್ಲುದೆಂಬುದನ್ನು ಅದು ಜೀವಂತ ಪ್ರಾಣಿಗಳಲ್ಲಿ ತೋರಿಸುತ್ತದೆ.