ಒಂದೇ ಬೆಂಕಿ, ಹಲವು ಕೆಲಸ

ಬೀದರ್ ಕೋಟೆಯೊಳಗಿನ ಶಾಹಿ ಹಮಾಮು, ಅಂದರೆ ಅರಮನೆಯ ಸ್ನಾನಗೃಹ, ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಾಗಿದೆ. ಮೂರ್ತಿ, ತೋಪುಗಳನ್ನು ನೋಡಲು ಬಂದವರು ಕಟ್ಟಡವನ್ನೇ ನೋಡುವುದು ಕಡಿಮೆ. ಬಹಮನಿ ಸುಲ್ತಾನರು 15ನೇ ಶತಮಾನದ ಮೊದಲರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದರು. ಅವರ ನಗರಕ್ಕೆ ಬಂದ ಇರಾನಿ ರೂಢಿಗಳಲ್ಲಿ ಹಮಾಮೂ ಒಂದು. ಕಟ್ಟಿಗೆ ಒಟ್ಟಿ ನೀರಿನೊಂದಿಗೆ ಕೋಣೆಯನ್ನೂ ಬಿಸಿಯಾಗಿಡುವುದು ಅದರ ರೀತಿ. ಕೋಣೆ ಬೆಚ್ಚಗಿರಲೆಂದೇ ಬೆಂಕಿ ಹಾಕುವುದು ಈ ಸೀಮೆಯಲ್ಲಿ ಅರಮನೆಗೆ ಸೇರಿದ ಮಾತು. ಭಾಲ್ಕಿ, ಔರಾದ ಹಳ್ಳಿಗಳ ಮನೆಗಳಲ್ಲಿ ಚಳಿಗೆಂದೇ ಪ್ರತ್ಯೇಕ ಒಲೆ ಇರಲಿಲ್ಲ. ಚಳಿಗೇನೂ ಬರವಿರಲಿಲ್ಲ: 1901ರ ಜನವರಿಯಲ್ಲಿ ಬೀದರಿನ ಉಷ್ಣಾಂಶ 2.9 ಡಿಗ್ರಿಗೆ ಇಳಿದ ದಾಖಲೆಯಿದೆ. ಅಡುಗೆಗೆ ಹೊತ್ತಿಸಿದ ಬೆಂಕಿಯೇ ಉಳಿದ ಕೆಲಸಗಳನ್ನೂ ಮಾಡುತ್ತಿತ್ತು. ಇಲ್ಲಿಯವರು ಉರುವಲು ಉಳಿಸಿದ್ದು ಹೀಗೆಯೇ ಹೊರತು ಅಗ್ಗದ ಕಟ್ಟಿಗೆಯಿಂದಲ್ಲ ಎಂಬುದು ನನ್ನ ವಾದ.

ಕಟ್ಟಿಗೆ ಅಗ್ಗವಾಗಿರಲು ಕಾಡು ಬೇಕು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಮೇಲೆ. ಭಾಲ್ಕಿ, ಔರಾದ ಕಡೆ ಹೋದಂತೆ ಕರಿಕಲ್ಲು, ಎರೆಹೊಲ, ಬದುವಿನ ಮೇಲೆ ಅಲ್ಲೊಂದು ಜಾಲಿ ಇಲ್ಲೊಂದು ಬೇವು. ಅಲ್ಲಿ ಉರುವಲು ಬಂದದ್ದು ಹೊಲದಿಂದ ಮತ್ತು ಕೊಟ್ಟಿಗೆಯಿಂದ. ತೊಗರಿ ಕೊಯ್ಲಾಗುವುದು ಚಳಿಗಾಲದಲ್ಲೇ. ಕಾಳು ಬಡಿದ ಮೇಲೆ ಉಳಿಯುವ ಕಡ್ಡಿ ಕಟ್ಟುಕಟ್ಟಾಗಿ ಮನೆಯ ಹಿಂದೆ ಬಣವೆಯಾಗುತ್ತಿತ್ತು. ದೇವಣಿ ತಳಿಯ ಎತ್ತು, ಆಕಳುಗಳ ಸೆಗಣಿ ತಟ್ಟಿದರೆ ಕುಳ್ಳು. ತೊಗರಿ ಕಡ್ಡಿ ಬೇಗ ಹೊತ್ತಿ ಬೇಗ ಆರುತ್ತದೆ. ಕುಳ್ಳು ನಿಧಾನಕ್ಕೆ ಹಿಡಿದು ತಾಸುಗಟ್ಟಲೆ ಕಾವು ಕೊಡುತ್ತದೆ. ಒಂದರಿಂದ ಉರಿ, ಇನ್ನೊಂದರಿಂದ ಕೆಂಡ. ರೊಟ್ಟಿ ಮುಗಿದ ಮೇಲೆ ಅದೇ ಕೆಂಡದ ಮೇಲೆ ಹಾಲು ಕೆನೆಗಟ್ಟುತ್ತಿತ್ತು, ಬದಿಯ ಹಂಡೆಯಲ್ಲಿ ಸ್ನಾನದ ನೀರು ಕಾಯುತ್ತಿತ್ತು, ರಾತ್ರಿ ಬೂದಿ ಮುಚ್ಚಿದ ಕೆಂಡ ಬೆಳಿಗ್ಗೆ ಮತ್ತೆ ಒಲೆ ಹೊತ್ತಿಸುತ್ತಿತ್ತು. ದಪ್ಪ ಕಲ್ಲುಗೋಡೆ, ಮಣ್ಣಿನ ಮಾಳಿಗೆ ಈ ಕಾವನ್ನು ಬೇಗ ಬಿಟ್ಟುಕೊಡುತ್ತಿರಲಿಲ್ಲ. ಎಳ್ಳಮಾವಾಸ್ಯೆಯ ಮುಂಜಾವಿಗೆ ಭಜ್ಜಿ, ಸಜ್ಜೆ ರೊಟ್ಟಿ ಮಾಡುವ ಅಡುಗೆಮನೆಗಿಂತ ಬೆಚ್ಚಗಿನ ಜಾಗ ಆ ಕಾಲದಲ್ಲಿ ಊರಿನಲ್ಲಿ ಇನ್ನೊಂದು ಇದ್ದೀತೇ?

ಇಂಧನ ತಜ್ಞರ ಲೆಕ್ಕ ಬೇರೆ ಹೇಳುತ್ತದೆ. ಹಳೆಯ ಒಲೆ ಉರುವಲಿನ ಶಾಖದಲ್ಲಿ ಪಾತ್ರೆಗೆ ಮುಟ್ಟಿಸುವುದು ನೂರಕ್ಕೆ 10ರಿಂದ 15 ಪಾಲು. ಗ್ಯಾಸ್ ಒಲೆ 55ರಿಂದ 60. ತೂಕಕ್ಕೆ ತೂಕ ಗ್ಯಾಸಿನಲ್ಲಿ ಕಟ್ಟಿಗೆಯ ಮೂರು ಪಟ್ಟು ಶಾಖವಿದೆ. ಎರಡನ್ನೂ ಕೂಡಿಸಿ ನೋಡಿದರೆ 14.2 ಕಿಲೋ ಸಿಲಿಂಡರಿನ ಅಡುಗೆಗೆ ಹಳೆಯ ಒಲೆಯಲ್ಲಿ ಸುಮಾರು ಎರಡು ಕ್ವಿಂಟಲ್ ಕಟ್ಟಿಗೆ ಬೇಕು. ಇಷ್ಟು ದಂಡವಾಗುವ ಒಲೆಯನ್ನು ಉಳಿತಾಯವೆನ್ನುವುದು ಹೇಗೆ? ಲೆಕ್ಕ ತಪ್ಪಲ್ಲ, ಅದು ಅಳೆದದ್ದು ಪಾತ್ರೆಯನ್ನು ಮಾತ್ರ. ಪಾತ್ರೆಗೆ ತಾಕದ ಶಾಖ ಪುಷ್ಯಮಾಸದಲ್ಲಿ ಗೋಡೆ ಕಾಯಿಸಿತು, ಒದ್ದೆ ಕಾಳು ಒಣಗಿಸಿತು, ಒಲೆಯ ಹೊಗೆ ತೊಲೆ ಜಂತೆಗಳಿಗೆ ಹುಳು ಹತ್ತದಂತೆ ನೋಡಿಕೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರ ರೂಪಿಸಿದ ಚಿಮಣಿಯ ಅಸ್ತ್ರ ಒಲೆ ಪಾತ್ರೆಯ ಪಾಲನ್ನು ಎರಡು ಪಟ್ಟಿಗೂ ಮೀರಿ ಏರಿಸಿತು. ಅದು ದೊಡ್ಡ ಸಾಧನೆಯೇ. ಆದರೆ ಒಲೆಗಳ ಗುಣ ನೋಡಿದ್ದು ನೀರು ಕುದಿಸುವ ಪರೀಕ್ಷೆಯಿಂದ. ಮನೆ ಎಷ್ಟು ಬೆಚ್ಚಗಾಯಿತೆಂದು ಅಲ್ಲಿ ಯಾರೂ ಕೇಳುವುದಿಲ್ಲ.

ಏಪ್ರಿಲ್, ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಈ ಕಾವು ಶಿಕ್ಷೆಯಲ್ಲವೇ ಎಂದರೆ ಹೌದು. ಬೇಸಿಗೆಗೆ ಅಂಗಳದಲ್ಲಿ ಒಲೆ ಹೂಡುವ ರೂಢಿ ಅದಕ್ಕಾಗಿಯೇ. ಅಂದರೆ ನನ್ನ ವಾದ ವರ್ಷದ ಮೂರು ನಾಲ್ಕು ತಿಂಗಳಿಗೆ ಮಾತ್ರ ಸಲ್ಲುತ್ತದೆ. ಹೊಗೆಯ ಆಕ್ಷೇಪ ಇದಕ್ಕಿಂತ ಭಾರವಾದದ್ದು, ಅದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ತೊಲೆಯನ್ನು ಕಾಯ್ದ ಹೊಗೆಯೇ ಹೆಂಗಸರ ಕಣ್ಣು, ಪುಪ್ಪುಸ ಕೆಡಿಸಿತು. ಕುಳ್ಳು ತಟ್ಟುವ, ಕಡ್ಡಿ ಹೊರುವ ದುಡಿಮೆಗೆ ಯಾರೂ ಕೂಲಿ ಕಟ್ಟಲಿಲ್ಲ. ಒಲೆಗೆ ಹೋದ ಸೆಗಣಿ ಹೊಲಕ್ಕೆ ಗೊಬ್ಬರವಾಗಲಿಲ್ಲ. ಖರ್ಚಿಲ್ಲದ ಉರುವಲು ಎಂದು ಹೊಗಳುವವರು ಈ ಬಾಬ್ತುಗಳನ್ನು ಸಾಮಾನ್ಯವಾಗಿ ಬರೆದುಕೊಳ್ಳುವುದಿಲ್ಲ.

ಈಚಿನ ದಶಕಗಳಲ್ಲಿ ಆ ಏರ್ಪಾಡಿನ ಬುಡವೇ ಅಲುಗಿದೆ. ಮುಂಗಾರಿನ ಹೊಲಗಳಲ್ಲಿ ಸೋಯಾಬೀನ್ ಹರಡಿತು. ಅದರ ಹೊಟ್ಟು ತೊಗರಿ ಕಡ್ಡಿಯಂತೆ ಒಲೆಗೆ ಒದಗುವುದಿಲ್ಲ. ಟ್ರ್ಯಾಕ್ಟರ್ ಬಂದ ಮನೆಯಲ್ಲಿ ಎತ್ತಿಲ್ಲ, ಎತ್ತಿಲ್ಲದ ಮನೆಯಲ್ಲಿ ಕುಳ್ಳಿಲ್ಲ. 2016ರಲ್ಲಿ ಉಜ್ವಲಾ ಯೋಜನೆ ಬಡವರ ಅಡುಗೆಮನೆಗೆ ಸಿಲಿಂಡರ್ ತಂದಿತು, 2022ರಲ್ಲಿ ಅದರ ಬೆಲೆ 1,000 ರೂಪಾಯಿ ದಾಟಿತು. ಗ್ಯಾಸ್ ಅನ್ನ ಬೇಯಿಸುತ್ತದೆ, ಅಷ್ಟೇ. ಸ್ನಾನದ ನೀರಿಗೆ, ಚಳಿಗೆ ಬೇರೆ ದಾರಿ ನೋಡಬೇಕು. ಒಳಗೆ ಗ್ಯಾಸ್ ಇರುವ ಎಷ್ಟೋ ಮನೆಗಳ ಹಿತ್ತಲಲ್ಲಿ ಹಂಡೆಯ ಒಲೆ ಉಳಿದಿರುವುದನ್ನು ಅಜ್ಞಾನ ಅಥವಾ ಹಳೆಯ ಚಾಳಿ ಎನ್ನುವ ಅಧಿಕಾರಿಗಳು ಸಿಲಿಂಡರಿನ ಲೆಕ್ಕದಲ್ಲಿ ಆ ಎರಡು ಬಿಂದಿಗೆ ಬಿಸಿನೀರನ್ನೂ ಸೇರಿಸಿ ನೋಡಲಿ.