ವ್ಯಾಸರು ಹೇಳದ ಮದುವೆ

ಮಹಾಭಾರತದ ದ್ರೋಣಪರ್ವವನ್ನು ಓದಿದವರಿಗೆ ಭಾರತಯುದ್ಧದ 13ನೆಯ ಮತ್ತು 14ನೆಯ ದಿನಗಳ ದಾರುಣತೆಯನ್ನು ವಿವರಿಸಬೇಕಾದುದಿಲ್ಲ. 13ನೆಯ ದಿನ ಅಭಿಮನ್ಯುವು ಚಕ್ರವ್ಯೂಹದೊಳಗೆ ಮಡಿದನು. ಅದೇ ದಿನ ಅದೇ ವ್ಯೂಹದಲ್ಲಿ ದುರ್ಯೋಧನನ ಮಗನಾದ ಲಕ್ಷ್ಮಣನು ಅಭಿಮನ್ಯುವಿನ ಕೈಯಿಂದ ಹತನಾದನು. ಮರುದಿನದ ರಾತ್ರಿಯುದ್ಧದಲ್ಲಿ ಕರ್ಣನ ಶಕ್ತ್ಯಾಯುಧಕ್ಕೆ ಘಟೋತ್ಕಚನು ಬಲಿಯಾದನು. ಒಂದೇ ವಂಶದ ಈ ಮೂವರು ಕುಮಾರರನ್ನೇ ಮುಖ್ಯಪಾತ್ರಗಳನ್ನಾಗಿ ಮಾಡಿಕೊಂಡು, ಮೊದಲಿನಿಂದ ಕಡೆಯವರೆಗೆ ನಗಿಸುತ್ತ ಹಾಡಿಸುತ್ತ ಸಾಗುವ ಅದ್ಭುತರಸದ ವಾಕ್ಚಿತ್ರವೊಂದು 1957ರಲ್ಲಿ ಮದರಾಸಿನಿಂದ ಹೊರಬಂದಿತು. ಅದರ ಹೆಸರು ‘ಮಾಯಾಬಜಾರ್’. ಮೂರು ತಲೆಮಾರುಗಳು ಕಳೆದರೂ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಅದನ್ನು ನೋಡುವುದು ನಿಂತಿಲ್ಲ. ಈ ಚಿರಂಜೀವಿತ್ವಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ವಿಷಯವಾಗಿದೆ.

ಕಥೆಯು ಸರ್ವವಿದಿತವಾದುದು. ಬಲರಾಮನ ಮಗಳನ್ನು ಸುಭದ್ರೆಯ ಮಗನಾದ ಅಭಿಮನ್ಯುವಿಗೆ ಕೊಡುವುದೆಂದು ಬಾಲ್ಯದಲ್ಲಿಯೇ ಮಾತಾಗಿರುತ್ತದೆ. ಪಾಂಡವರು ದ್ಯೂತದಲ್ಲಿ ಸರ್ವಸ್ವವನ್ನೂ ಕಳೆದುಕೊಂಡ ಸುದ್ದಿಯು ಬಂದ ಮೇಲೆ ಆ ಮಾತು ಸಡಿಲವಾಗುತ್ತದೆ. ಬಲರಾಮನ ಪತ್ನಿಯಾದ ರೇವತಿಗೆ ಹಸ್ತಿನಾವತಿಯ ಐಶ್ವರ್ಯವು ಕಣ್ಣು ಕಟ್ಟುತ್ತದೆ; ಬಲರಾಮನು ತನ್ನ ಗದಾಶಿಷ್ಯನಾದ ದುರ್ಯೋಧನನ ಮಗನಿಗೆ ಹೆಣ್ಣು ಕೊಡಲು ಒಪ್ಪುತ್ತಾನೆ. ಆಗ ಶ್ರೀಕೃಷ್ಣನ ಸೂತ್ರಚಾಲನೆಯಿಂದ ಕಾಡಿನಲ್ಲಿದ್ದ ಘಟೋತ್ಕಚನು ಬಂದು, ನಿದ್ರಿಸುತ್ತಿದ್ದ ಕನ್ಯೆಯನ್ನು ಮಂಚಸಹಿತ ಎತ್ತಿಕೊಂಡು ಹೋಗಿ ಹಿಡಿಂಬೆಯ ಮನೆ ಸೇರಿಸುತ್ತಾನೆ. ತಾನೇ ಆ ಕನ್ಯೆಯ ರೂಪವನ್ನು ತಾಳಿ ದ್ವಾರಕೆಯ ಅಂತಃಪುರದಲ್ಲಿ ಕುಳಿತುಕೊಳ್ಳುತ್ತಾನೆ. ವರನ ಕಡೆಯವರಿಗೆ ಬಿಡಾರವೆಂದು ಮಾಯಾನಗರಿಯೊಂದನ್ನು ತನ್ನವರಿಂದ ಕಟ್ಟಿಸಿ ಕೌರವರ ಗರ್ವಭಂಗವನ್ನು ಮಾಡುತ್ತಾನೆ. ಇತ್ತ ಅಭಿಮನ್ಯುವಿನ ವಿವಾಹವು ನಿರ್ವಿಘ್ನವಾಗಿ ನೆರವೇರುತ್ತದೆ.

ಈ ಕಥೆಯು ವ್ಯಾಸಭಾರತದಲ್ಲಿ ಇಲ್ಲ. ವಿರಾಟಪರ್ವದ ಕಡೆಯಲ್ಲಿ ಅಭಿಮನ್ಯುವು ಉತ್ತರೆಯನ್ನು ವರಿಸಿದನೆಂಬುದಷ್ಟೇ ಮೂಲದ ಸಂಗತಿ. ರೇವತಿಯಲ್ಲಿ ಬಲರಾಮನಿಗೆ ನಿಶಠ, ಉಲ್ಮುಕರೆಂಬ ಗಂಡುಮಕ್ಕಳಾದರೆಂದು ಪುರಾಣವು ಹೇಳುತ್ತದೆ. ಮಗಳ ಮಾತನ್ನು ಎತ್ತುವುದಿಲ್ಲ. ಆದುದರಿಂದ ಇದು ಆಧಾರವಿಲ್ಲದ ಕಟ್ಟುಕಥೆಯೆಂದು ಮೂಲಗ್ರಂಥವನ್ನು ಪ್ರಮಾಣವಾಗಿಟ್ಟುಕೊಂಡವರು ಆಕ್ಷೇಪಿಸುವುದು ಸಹಜವೇ. ಆದರೆ ಗ್ರಂಥದಲ್ಲಿ ಇಲ್ಲವೆಂಬ ಮಾತ್ರಕ್ಕೆ ಕಥೆಯು ನಿನ್ನೆ ಮೊನ್ನೆ ಹುಟ್ಟಿದುದೆಂದು ಹೇಳಲಾಗದು. ಜಾವಾ ದ್ವೀಪದಲ್ಲಿ 12ನೆಯ ಶತಮಾನದಲ್ಲಿದ್ದ ಪನುಲುಃ ಎಂಬ ಕವಿಯು ಪ್ರಾಚೀನ ಜಾವಾ ಭಾಷೆಯಲ್ಲಿ ‘ಘಟೋತ್ಕಚಾಶ್ರಯ’ವೆಂಬ ಕಾವ್ಯವನ್ನು ರಚಿಸಿರುವನು. ಅದರಲ್ಲಿ ಕನ್ಯೆಯು ಬಲರಾಮನ ಮಗಳಲ್ಲ, ಕೃಷ್ಣನ ಮಗಳಾದ ಕ್ಷಿತಿಸುಂದರಿ. ಉಳಿದಂತೆ, ಅವಳನ್ನು ಒಲಿದ ಅಭಿಮನ್ಯು, ಅವಳಿಗೆ ಗೊತ್ತಾಗಿದ್ದ ದುರ್ಯೋಧನಪುತ್ರ, ನೆರವಿಗೆ ನಿಂತ ಘಟೋತ್ಕಚ, ಎಲ್ಲವೂ ಅಲ್ಲಿ ಇದೆ. ಎಂಟು ನೂರು ವರ್ಷಗಳ ಹಿಂದೆ ಸಮುದ್ರದಾಚೆಯ ದ್ವೀಪವೊಂದರಲ್ಲಿ ಕಾವ್ಯವಾಗಿದ್ದ ವಸ್ತುವನ್ನು ಅರ್ವಾಚೀನವೆಂದು ತಳ್ಳಿಹಾಕುವುದು ಹೇಗೆ?

ಭಾರತದಲ್ಲಿಯೂ ಈ ಕನ್ಯೆಗೆ ಪ್ರಾಂತಕ್ಕೊಂದು ಹೆಸರಿದೆ. ತೆಲುಗರಿಗೆ ಅವಳು ಶಶಿರೇಖೆ; ತಮಿಳರಿಗೆ ವತ್ಸಲೆ; ಮಹಾರಾಷ್ಟ್ರದಲ್ಲಿ ಸುರೇಖೆ. ಕನ್ನಡನಾಡಿನ ಯಕ್ಷಗಾನದಲ್ಲಿ ಅವಳು ಕನಕಾಂಗಿ. ‘ಕನಕಾಂಗಿ ಕಲ್ಯಾಣ’ದ ಪ್ರಸಂಗವನ್ನು ಬಯಲಾಟದಲ್ಲಿ ಕಂಡವರಿಗೆ ಮಾಯಾಬಜಾರಿನ ಕಥೆಯು ಹೊಸದೆನಿಸಿರಲಾರದು. ಮೂಕಚಿತ್ರಗಳ ಕಾಲದಲ್ಲಿಯೇ, 1921ರಲ್ಲಿ, ಕೊಲ್ಲಾಪುರದ ಬಾಬುರಾವ್ ಪೇಂಟರರು ‘ಸುರೇಖಾಹರಣ’ವನ್ನು ಚಿತ್ರೀಕರಿಸಿದ್ದರು. ತೆಲುಗಿನಲ್ಲಿ 1936ರಲ್ಲಿಯೇ ಇದೇ ಕಥೆಯ ವಾಕ್ಚಿತ್ರವೊಂದು ಬಂದಿದ್ದಿತು. ಇವೆಲ್ಲಕ್ಕೂ ಹಿನ್ನೆಲೆಯಾಗಿ ರಂಗಭೂಮಿಯಿದ್ದಿತು. ಕಡಪ ಸೀಮೆಯ ಸುರಭಿ ಗ್ರಾಮದಲ್ಲಿ 1885ರಲ್ಲಿ ಹುಟ್ಟಿದ ಸುರಭಿ ನಾಟಕಮಂಡಲಿಯವರು ಒಂದೇ ಕುಟುಂಬದ ಅಜ್ಜಂದಿರಿಂದ ಹಸುಗೂಸುಗಳವರೆಗೆ ಎಲ್ಲರೂ ಕೂಡಿ ಮಾಯಾಬಜಾರ್ ನಾಟಕವನ್ನು ಆಡುತ್ತ ಬಂದರು. ಹಗ್ಗ, ರಾಟೆ, ಪರದೆಗಳ ಚಾತುರ್ಯದಿಂದ ಅವರು ರಂಗದ ಮೇಲೆ ತೋರಿಸುತ್ತಿದ್ದ ಮಾಯೆಯನ್ನು ನೋಡಲು ಜನರು ದೂರದೂರದಿಂದ ನೆರೆಯುತ್ತಿದ್ದರು.

ಮೂಲಭಾರತದಲ್ಲಿ ಕಥೆಯಿಲ್ಲದಿದ್ದರೂ ಕಥೆಯ ಬೀಜಗಳಿಲ್ಲದೆ ಇಲ್ಲ. ಪಾಂಡವರ ವನವಾಸಕಾಲದಲ್ಲಿ ಸುಭದ್ರೆಯೂ ಅಭಿಮನ್ಯುವೂ ದ್ವಾರಕೆಯಲ್ಲಿ ಬೆಳೆದರೆಂಬುದು ವ್ಯಾಸರ ಮಾತೇ ಆಗಿದೆ. ಗಂಧಮಾದನದ ದಾರಿಯಲ್ಲಿ ಬಳಲಿದ ದ್ರೌಪದಿಯನ್ನು ಘಟೋತ್ಕಚನು ಹೊತ್ತುಕೊಂಡು ಆಕಾಶಮಾರ್ಗದಲ್ಲಿ ಸಾಗಿದನೆಂಬುದೂ ವನಪರ್ವದಲ್ಲಿದೆ. ತಾಯಿಯ ಸಮಾನಳಾದವಳನ್ನು ಹೊತ್ತವನು ತಮ್ಮನ ಹೆಂಡತಿಯಾಗುವವಳನ್ನು ಮಂಚದೊಡನೆ ಹೊರಲಾರನೇ ಎಂದು ಜನಪದವು ಕೇಳಿಕೊಂಡಂತೆ ತೋರುತ್ತದೆ.

ಇಂತಹ ಕಥೆಯನ್ನು ಚಿತ್ರವಾಗಿಸಿದವರು ವಿಜಯಾ ಸಂಸ್ಥೆಯ ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು. ಇವರಿಬ್ಬರ ಹೆಸರು ಕನ್ನಡದ ಗೃಹಸ್ಥರಿಗೆ ಬೇರೊಂದು ದಾರಿಯಿಂದಲೂ ಪರಿಚಿತವಾಗಿದ್ದಿತು. 1947ರಲ್ಲಿ ತೆಲುಗು ತಮಿಳುಗಳಲ್ಲಿ ಆರಂಭವಾಗಿ 1949ರಿಂದ ಕನ್ನಡದಲ್ಲಿಯೂ ಬಂದ ‘ಚಂದಮಾಮ’ ಮಾಸಪತ್ರಿಕೆಯು ಇವರದೇ. ಮಕ್ಕಳಿಗೆ ಕಥೆ ಹೇಳುವ ಮರ್ಮವನ್ನು ಪತ್ರಿಕೆಯಲ್ಲಿ ಬಲ್ಲವರು ಚಿತ್ರದಲ್ಲಿಯೂ ಬಲ್ಲವರಾದರು. ನಿರ್ದೇಶಕರು 1951ರ ‘ಪಾತಾಳಭೈರವಿ’ಯಿಂದ ಖ್ಯಾತರಾಗಿದ್ದ ಕೆ. ವಿ. ರೆಡ್ಡಿಯವರು, ಮಾತುಗಳನ್ನೂ ಗೀತಗಳನ್ನೂ ರಚಿಸಿದವರು ಪಿಂಗಳಿ ನಾಗೇಂದ್ರರಾಯರು, ಸಂಗೀತವು ಘಂಟಸಾಲ ಅವರದು, ಕೆಲವು ಗೀತಗಳಿಗೆ ಮಟ್ಟು ಹಾಕಿದವರು ಎಸ್. ರಾಜೇಶ್ವರರಾಯರು. ಚಿತ್ರವನ್ನು ತೆಲುಗು ತಮಿಳುಗಳೆರಡರಲ್ಲಿಯೂ ತೆಗೆದರು. ತೆಲುಗಿನಲ್ಲಿ ಅಭಿಮನ್ಯುವಾಗಿ ಅಕ್ಕಿನೇನಿ ನಾಗೇಶ್ವರರಾಯರೂ ತಮಿಳಿನಲ್ಲಿ ಜೆಮಿನಿ ಗಣೇಶನ್ನರೂ ಅಭಿನಯಿಸಿದರು. ಶ್ರೀಕೃಷ್ಣನಾಗಿ ಎನ್. ಟಿ. ರಾಮರಾಯರು, ಘಟೋತ್ಕಚನಾಗಿ ಎಸ್. ವಿ. ರಂಗರಾಯರು, ಕನ್ಯೆಯಾಗಿ ಸಾವಿತ್ರಿಯವರು ಎರಡರಲ್ಲಿಯೂ ಇದ್ದರು. ಮುಂದೆ ಇದು ಕನ್ನಡದ ಮಾತುಗಳನ್ನು ತೊಟ್ಟುಕೊಂಡು ನಮ್ಮ ಸೀಮೆಗೂ ಬಂದಿತು. ರಾಜಕುಮಾರರು ನಟಿಸಿದ ಕನ್ನಡದ ‘ಸತ್ಯ ಹರಿಶ್ಚಂದ್ರ’ವನ್ನು 1965ರಲ್ಲಿ ಹೊರತಂದವರೂ ಈ ವಿಜಯಾ ಸಂಸ್ಥೆಯವರೇ.

ಅಂದಿಗೆ ಗಣಕಯಂತ್ರದ ಸಹಾಯವಿರಲಿಲ್ಲ. ಘಟೋತ್ಕಚನ ದೇಹವು ನೋಡನೋಡುತ್ತಿದ್ದಂತೆ ಬೆಳೆಯುವುದು, ಮದುವೆಯೂಟದ ಭಕ್ಷ್ಯಗಳು ತಾವಾಗಿ ಹಾರಿ ಅವನ ಬಾಯಿ ಸೇರುವುದು, ಕೌರವರ ಪುರೋಹಿತರನ್ನು ಜಮಖಾನೆಯು ತಾನಾಗಿ ಸುತ್ತಿಕೊಳ್ಳುವುದು ಮುಂತಾದುವನ್ನೆಲ್ಲ ಛಾಯಾಗ್ರಾಹಕರಾದ ಮಾರ್ಕಸ್ ಬಾರ್ಟ್ಲಿಯವರು ಕ್ಯಾಮರಾದ ಯುಕ್ತಿಯಿಂದಲೂ ಬೆಳಕಿನ ಹದದಿಂದಲೂ ಸಾಧಿಸಿದರು. ನೌಕಾವಿಹಾರದ ಗೀತದಲ್ಲಿ ಅವರು ತೋರಿಸಿದ ಬೆಳದಿಂಗಳು ಕಪ್ಪುಬಿಳುಪಿನಲ್ಲಿಯೇ ಇದ್ದರೂ ತಂಪೆನಿಸುತ್ತದೆ. ಆದರೆ ಚಮತ್ಕಾರವು ಎಷ್ಟೇ ಅಚ್ಚರಿಯದಾಗಿರಲಿ, ಅದು ಹಳತಾಗುವುದಕ್ಕೆ ಹತ್ತು ವರ್ಷಗಳು ಸಾಕು. ಇಂದಿನ ಬಾಲಕನು ಇದಕ್ಕಿಂತ ಹೆಚ್ಚಿನದನ್ನು ದಿನವೂ ಕಾಣುತ್ತಾನೆ. ಆದುದರಿಂದ ಚಿತ್ರದ ಬಾಳಿಕೆಗೆ ಕಾರಣವನ್ನು ಬೇರೆಡೆಯಲ್ಲಿ ಹುಡುಕಬೇಕು.

ಮೊದಲನೆಯದಾಗಿ, ಇಲ್ಲಿಯ ಮಾಯೆಯು ವಂಚಿಸುವುದಕ್ಕಿಂತ ಹೆಚ್ಚಾಗಿ ನಿಜವನ್ನು ಬಯಲುಮಾಡುತ್ತದೆ. ಚಿತ್ರದಲ್ಲಿ ‘ಪ್ರಿಯದರ್ಶಿನಿ’ಯೆಂಬ ಪೆಟ್ಟಿಗೆಯೊಂದಿದೆ. ಅದನ್ನು ತೆರೆದು ನೋಡಿದವರಿಗೆ ಅವರವರ ಅತ್ಯಂತ ಪ್ರಿಯವಾದ ವಸ್ತುವು ಕಾಣುತ್ತದೆ. ಶಶಿರೇಖೆಗೆ ಅಭಿಮನ್ಯು, ರೇವತಿಗೆ ಒಡವೆ, ಬಲರಾಮನಿಗೆ ದುರ್ಯೋಧನ. ಕೃಷ್ಣನಿಗಾದರೋ ಶಕುನಿ! ಆ ಒಂದು ನಿಮಿಷದಲ್ಲಿ ಮುಂದಿನ ಭಾರತವೆಲ್ಲ ಅಡಗಿದೆಯೆಂಬುದು ವಯಸ್ಕರಿಗೆ ತಿಳಿಯುತ್ತದೆ. ಮಕ್ಕಳಿಗೆ ನಗುವಷ್ಟೇ ದೊರೆಯುತ್ತದೆ. ಇನ್ನೊಂದು ‘ಸತ್ಯಪೀಠ’. ಅದರ ಮೇಲೆ ನಿಂತವನ ಮನಸ್ಸಿನಲ್ಲಿರುವುದು ತಾನಾಗಿ ಹೊರಬೀಳುವುದು. ಶಕುನಿಯು ಅದನ್ನು ಏರಿದ ಕೂಡಲೇ, ಯಾದವರನ್ನು ಯುದ್ಧದಲ್ಲಿ ತಮ್ಮ ಕಡೆಗೆ ಸೆಳೆದುಕೊಳ್ಳುವುದಕ್ಕಾಗಿಯೇ ಈ ಸಂಬಂಧವನ್ನು ಬೆಳೆಸಿದುದೆಂದು ತಾನೇ ಒದರುತ್ತಾನೆ. ಕೊಟ್ಟ ಮಾತನ್ನು ಬಡತನದ ನೆವದಿಂದ ಮುರಿಯುವುದು, ಸಿರಿವಂತರ ಮನೆಯನ್ನು ನೋಡಿ ಮಗಳ ಮನಸ್ಸನ್ನು ಕೇಳದಿರುವುದು, ಇವು ದ್ವಾಪರಯುಗಕ್ಕೆ ಮಾತ್ರ ಸೇರಿದ ದೋಷಗಳಲ್ಲ. ನೋಡುವ ಪ್ರತಿಯೊಂದು ಮನೆಯಲ್ಲಿಯೂ ಒಬ್ಬ ರೇವತಿಯೂ ಒಬ್ಬ ಬಲರಾಮನೂ ಇದ್ದೇ ಇರುತ್ತಾರೆ. ಅವರೂ ಮಕ್ಕಳ ಜೊತೆಯಲ್ಲಿ ಕುಳಿತು ನಗುತ್ತಾರೆಂಬುದೇ ಈ ಚಿತ್ರದ ಜಾಣ್ಮೆ.

ಎರಡನೆಯದು ಮಾತಿನ ಸೊಗಸು. ಪಿಂಗಳಿಯವರು ರಾಕ್ಷಸರಿಗಾಗಿ ವಿಚಿತ್ರವಾದ ನುಡಿಗಟ್ಟನ್ನೇ ಸೃಷ್ಟಿಸಿದರು. ಘಟೋತ್ಕಚನ ಅನುಚರನೊಬ್ಬನು ಹೊಸ ಶಬ್ದವನ್ನು ಆಡಿಬಿಟ್ಟಾಗ, ಯಾರೂ ಹುಟ್ಟಿಸದಿದ್ದರೆ ಶಬ್ದಗಳು ಹುಟ್ಟುವುದಾದರೂ ಹೇಗೆಂದು ಘಟೋತ್ಕಚನು ಅವನ ಪಕ್ಷವನ್ನು ವಹಿಸುತ್ತಾನೆ. ಪತಂಜಲಿಯು ಮಹಾಭಾಷ್ಯದ ಮೊದಲಲ್ಲಿ ಇದಕ್ಕೆ ಸಮೀಪವಾದ ವಿಚಾರವನ್ನೇ ಎತ್ತಿರುವನು: ಗಡಿಗೆ ಬೇಕಾದವನು ಕುಂಬಾರನ ಮನೆಗೆ ಹೋಗಿ ಗಡಿಗೆಯನ್ನು ಮಾಡಿಕೊಡೆಂದು ಕೇಳುವಂತೆ, ಶಬ್ದ ಬೇಕಾದವನು ವೈಯಾಕರಣನ ಮನೆಗೆ ಹೋಗಿ ಶಬ್ದವನ್ನು ಮಾಡಿಕೊಡೆಂದು ಕೇಳುವುದಿಲ್ಲ. ಭಾಷ್ಯಕಾರನ ಅಭಿಪ್ರಾಯವು ಶಬ್ದನಿತ್ಯತ್ವದ ಕಡೆಗೆ. ಘಟೋತ್ಕಚನದು ಅದಕ್ಕೆ ವಿರುದ್ಧ. ಆದರೆ ಶಬ್ದಕ್ಕೆ ವೈಯಾಕರಣನ ಅಪ್ಪಣೆ ಬೇಡವೆಂಬಲ್ಲಿ ಮುನಿಯೂ ರಾಕ್ಷಸನೂ ಒಂದೇ ಕಡೆ ನಿಲ್ಲುತ್ತಾರೆ. ಶಬ್ದಗಳಿಗೆ ಸಲ್ಲುವ ಈ ಮಾತು ಕಥೆಗಳಿಗೂ ಸಲ್ಲುವುದಲ್ಲವೇ? ಕಥೆ ಬೇಕಾದವರು ಮುನಿಯ ಆಶ್ರಮಕ್ಕೆ ಹೋಗಿ ಅಪ್ಪಣೆ ಕೇಳಲಿಲ್ಲ. ಬೇಕಾದಾಗ ಬೇಕಾದಲ್ಲಿ ಹೇಳಿಕೊಂಡರು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು. ಭಾರತದ ಕಥೆಯಾದರೂ ಈ ಚಿತ್ರದಲ್ಲಿ ಪಂಚಪಾಂಡವರಲ್ಲಿ ಒಬ್ಬನೂ ಕಾಣಿಸಿಕೊಳ್ಳುವುದಿಲ್ಲ. ರಾಜ್ಯದ ಪ್ರಶ್ನೆಯನ್ನು ಹೊರಗಿಟ್ಟು ಮನೆಯ ಪ್ರಶ್ನೆಯನ್ನು ಮಾತ್ರ ಒಳಗೆ ತಂದುದರಿಂದ ಅತ್ತೆ, ಮಾವ, ಸೋದರತ್ತೆ, ಭಾವಮೈದುನ ಇವರೇ ಕಥೆಯನ್ನು ತುಂಬಿದ್ದಾರೆ. ಆಶ್ರಯವನ್ನು ಕಳೆದುಕೊಂಡ ಸುಭದ್ರೆಯನ್ನೂ ಅವಳ ಮಗನನ್ನೂ ಅರಮನೆಯ ಬಂಧುಗಳು ಹೊರಗೆ ಕಳುಹಿಸಿದರೆ, ಕಾಡಿನ ಹಿಡಿಂಬೆಯು ಎದುರುಗೊಂಡು ಮನೆಗೆ ಕರೆಯುತ್ತಾಳೆ. ರಾಜಕುಲವು ಕೈಬಿಟ್ಟ ಧರ್ಮವನ್ನು ರಾಕ್ಷಸಕುಲವು ನಡೆಸಿಕೊಡುತ್ತದೆ. ಮೂಲದಲ್ಲಿ ಘಟೋತ್ಕಚನ ಪಾಲಿಗೆ ಬಂದುದನ್ನು ನೆನೆದರೆ ಈ ಗೌರವದ ಬೆಲೆಯು ತಿಳಿಯುವುದು. ಅವನು ಬಿದ್ದಾಗ ಪಾಂಡವರು ಅತ್ತರು. ಕರ್ಣನ ಶಕ್ತಿಯು ವ್ಯಯವಾಯಿತೆಂದು ಕೃಷ್ಣನು ಹರ್ಷಿಸಿದನು. ಭಾರತವು ಅವನನ್ನು ಆಯುಧವಾಗಿ ಬಳಸಿಕೊಂಡಿತು. ಜನರ ಕಥೆಯು ಅವನನ್ನು ಅಣ್ಣನೆಂದು ಕರೆದು ಮದುವೆಯ ಯಜಮಾನಿಕೆಯನ್ನು ವಹಿಸಿತು, ಹೊಟ್ಟೆತುಂಬ ಊಟವಿಟ್ಟಿತು. ಅವನು ಒಬ್ಬನೇ ಕುಳಿತು ಮದುವೆಯಡುಗೆಯನ್ನೆಲ್ಲ ಮುಗಿಸುವ ದೃಶ್ಯಕ್ಕೆ ಮಕ್ಕಳು ಚಪ್ಪಾಳೆ ತಟ್ಟುವುದು ಸುಮ್ಮನೆ ಅಲ್ಲ.

ರಂಗರಾಯರ ಅಟ್ಟಹಾಸದಲ್ಲಿ ಕ್ರೌರ್ಯವು ಲೇಶವೂ ಇಲ್ಲ. ಮನೆಯ ಹಿರಿಮಗನ ಸಲಿಗೆಯಿದೆ. ಸಾವಿತ್ರಿಯವರಿಗಾದರೋ ದುಸ್ಸಾಧ್ಯವಾದ ಕಾರ್ಯವು ಬಿದ್ದಿತ್ತು: ಶಶಿರೇಖೆಯಾಗಿ ನಾಚಬೇಕು, ಶಶಿರೇಖೆಯ ರೂಪದಲ್ಲಿರುವ ಘಟೋತ್ಕಚನಾಗಿ ಹೆಜ್ಜೆಯಿಡಬೇಕು, ನಡುವೆ ಮರೆತು ಗಂಡುದನಿಯ ಗತ್ತನ್ನು ತೋರಿ ಮತ್ತೆ ಸಾವರಿಸಿಕೊಳ್ಳಬೇಕು. ಅದನ್ನು ಅವರು ಕಣ್ಣಿನಿಂದಲೂ ಭುಜದಿಂದಲೂ ಮಾಡಿ ತೋರಿಸಿದ ಬಗೆಯನ್ನು ನಟನೆಯನ್ನು ಅಭ್ಯಾಸಮಾಡುವವರು ನೋಡಿ ಕಲಿಯಬೇಕು. ಕೆ. ವಿ. ರೆಡ್ಡಿಯವರು 1972ರಲ್ಲಿಯೂ, ಘಂಟಸಾಲ ಮತ್ತು ರಂಗರಾಯರು 1974ರಲ್ಲಿಯೂ, ಸಾವಿತ್ರಿಯವರು 1981ರಲ್ಲಿಯೂ ದಿವಂಗತರಾದರು. ಚಿತ್ರವು 2010ರಲ್ಲಿ ಬಣ್ಣವನ್ನು ತುಂಬಿಸಿಕೊಂಡು ಮರಳಿ ಚಿತ್ರಮಂದಿರಗಳಿಗೆ ಬಂದಿತು. 2013ರಲ್ಲಿ ಇಂಗ್ಲಿಷ್ ಸುದ್ದಿವಾಹಿನಿಯೊಂದು ಜನಾಭಿಪ್ರಾಯವನ್ನು ಕೇಳಿದಾಗ, ಭಾರತದ ಚಿತ್ರಗಳಲ್ಲೆಲ್ಲ ಇದೇ ಶ್ರೇಷ್ಠವೆಂದು ಹೆಚ್ಚು ಮಂದಿ ಮತವಿತ್ತರು.

ಇನ್ನು ಆರಂಭದಲ್ಲಿ ಹೇಳಿದ ಆ ಎರಡು ದಿನಗಳ ವಿಚಾರ. ಚಿತ್ರವನ್ನು ನೋಡುವ ಹಿರಿಯರಲ್ಲಿ ಅಭಿಮನ್ಯುವಿನ ಅಂತ್ಯವನ್ನು ಅರಿಯದವರು ಯಾರಿದ್ದಾರೆ? ಒಬ್ಬಳೇ ಕನ್ಯೆಗಾಗಿ ಹಸೆಮಣೆಯನ್ನು ಬಯಸಿದ ಇಬ್ಬರು ವರರೂ ಒಂದೇ ದಿನ ಒಂದೇ ವ್ಯೂಹದಲ್ಲಿ ಮಲಗುವರೆಂಬುದು ಅವರಿಗೆ ಗೊತ್ತು. ಎಲ್ಲರನ್ನೂ ನಗಿಸಿದ ಘಟೋತ್ಕಚನು ಮರುರಾತ್ರಿಯೇ ಬೀಳುವನೆಂಬುದೂ ಗೊತ್ತು. ಚಿತ್ರವು ಅದನ್ನು ಎಲ್ಲಿಯೂ ಹೇಳುವುದಿಲ್ಲ; ಮದುವೆಯ ಮಂಗಳದಲ್ಲಿಯೇ ಮುಗಿಯುತ್ತದೆ. ಕಥೆ ಕಟ್ಟಿದ ಜನರಿಗೂ ಅದು ತಿಳಿಯದ ಸಂಗತಿಯಾಗಿರಲಿಲ್ಲ. ಮುನಿಯು ಬರೆದ ಮರಣವನ್ನು ಅಳಿಸುವ ಧಾರ್ಷ್ಟ್ಯವನ್ನು ಅವರು ತೋರಲಿಲ್ಲ. ಆ ಮರಣಕ್ಕೆ ಮುಂಚೆ ಆ ಹುಡುಗರಿಗೆ ಒಂದು ಹಾಡು, ಒಂದು ಬೆಳದಿಂಗಳು, ಒಂದು ಹಬ್ಬದೂಟ ಇರಲೆಂದು ಮಾತ್ರ ಬಯಸಿದರು. ಇಷ್ಟನ್ನು ಬಯಸುವುದು ಅಪ್ರಮಾಣವೆಂದು ಯಾವ ಶಾಸ್ತ್ರಜ್ಞನು ತಾನೇ ಹೇಳಿಯಾನು? ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಿತ್ರವನ್ನು ನೋಡುವ ಅಜ್ಜಿಯು ನಗುನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಳ್ಳುವುದುಂಟು. ನಕ್ಕು ನಕ್ಕು ನೀರು ಬಂದಿತೆಂದು ಮಕ್ಕಳು ತಿಳಿಯುತ್ತಾರೆ. ದ್ರೋಣಪರ್ವವನ್ನು ಓದುವ ವಯಸ್ಸು ಬರುವವರೆಗೆ ಅವರು ಹಾಗೆಯೇ ತಿಳಿದಿರುವುದು ಒಳ್ಳೆಯದು.